ಕೆಲಸವೂ ಬೇಕು, ಬೆರಳೂ ಬೇಕು

(ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಹಲಸೂರಿನಲ್ಲಿ ಸೇರಿದ್ದ ಕನ್ನಡದ ಹುಡುಗರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ವೇದಿಕೆ ಹತ್ತಿ ಭಾಷಣ ಬಿಗಿಯುವ ಅಭ್ಯಾಸ ನನಗಿಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಸೇರಿದವನು ನಾನು. ಅಂದಿನಿಂದ ಮಸಿ, ಕಾಗದ, ರೋಲರು ಇಷ್ಟೇ ನನ್ನ ಪ್ರಪಂಚ. ಆದ್ದರಿಂದ ಕದಂಬರಿಂದ ಶುರು ಮಾಡಿ ವಿಜಯನಗರ ಸುತ್ತಿ ಕೊನೆಗೆ ವಿಷಯಕ್ಕೆ ಬರುವ ಪದ್ಧತಿ ಬಿಟ್ಟು ನೇರವಾಗಿ ಕೇಳುತ್ತೇನೆ. ನಿಮ್ಮ ಎರಡೂ ಕೈ ಮುಂದೆ ಚಾಚಿ. ಹತ್ತು ಬೆರಳು ಇವೆಯಲ್ಲ? ದುಡಿದು ದಣಿದು ಕೆಲಸ ಬಿಡುವ ದಿನ ಈ ಹತ್ತನ್ನೂ ಮನೆಗೆ ವಾಪಸು ತೆಗೆದುಕೊಂಡು ಹೋಗುವುದು ಹೇಗೆ? ಇವತ್ತಿನ ಮಾತು ಅಷ್ಟೇ.

ಮಾರ್ಚ್ 4 ಏಕೆ ಎಂದರೆ, 1966ರ ಈ ದಿನ ನಮ್ಮ ದೇಶದಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತು. ದೊಡ್ಡ ಕಾರ್ಖಾನೆಗಳಲ್ಲಿ ಇವತ್ತು ಬಾವುಟ ಹಾರಿಸುತ್ತಾರೆ, ಪ್ರತಿಜ್ಞೆ ಬೋಧಿಸುತ್ತಾರೆ, ಬ್ಯಾಡ್ಜು ಕೊಡುತ್ತಾರೆ. ಆದರೆ ನಮ್ಮ ಗಲ್ಲಿಯ ಶೆಡ್ಡಿಗೆ ಆ ಬ್ಯಾಡ್ಜು ಬರುವುದಿಲ್ಲ. ಬೆರಳು ಹೋಗುವುದು ಮಾತ್ರ ಹೆಚ್ಚಾಗಿ ಈ ಶೆಡ್ಡಿನಲ್ಲೇ.

ಪೂರ್ವ ಬೆಂಗಳೂರು ಎಂದರೆ ಹೊರಗಿನವರಿಗೆ ಕಾಣುವುದು ಇಂದಿರಾನಗರದ ನೂರಡಿ ರಸ್ತೆಯ ದೀಪ ಮಾತ್ರ. ನಿಮಗೆ ಗೊತ್ತು, ಆ ದೀಪದ ಹಿಂದೆ ಇನ್ನೊಂದು ಊರಿದೆ. ಶಿವಾಜಿನಗರದಲ್ಲಿ ಗ್ಯಾರೇಜು, ಗ್ರೈಂಡಿಂಗ್ ಕಲ್ಲು, ರಸೆಲ್ ಮಾರ್ಕೆಟ್ಟಿನ ಸುತ್ತ ಕೈಮಾ ಮೆಷಿನ್ನು, ಕಬ್ಬಿನ ಹಾಲಿನ ಗಾಣ. ಹಲಸೂರಿನಲ್ಲಿ ಪ್ರೆಸ್ಸು, ಬೈಂಡಿಂಗು, ಮರಗೆಲಸ. ಕೆ.ಆರ್. ಪುರ, ಮಹದೇವಪುರ ಕಡೆಗೆ ಹೋದರೆ ತಗಡು ಒತ್ತುವ ಪವರ್ ಪ್ರೆಸ್ಸು, ಪ್ಲಾಸ್ಟಿಕ್ ಮೋಲ್ಡಿಂಗು, ರಟ್ಟಿನ ಡಬ್ಬ ಮಾಡುವ ಶೆಡ್ಡು. ಈ ಸಭೆಯಲ್ಲಿ ಕುಳಿತವರಲ್ಲಿ ಅರ್ಧ ಜನ ಇಂಥ ಕಡೆಯೇ ದುಡಿಯುತ್ತೀರಿ, ಇಲ್ಲವೇ ನಿಮ್ಮ ಅಣ್ಣತಮ್ಮಂದಿರು ದುಡಿಯುತ್ತಾರೆ.

ಹಿಂದೆ ಹೀಗಿರಲಿಲ್ಲ. 1940ರಲ್ಲಿ ಎಚ್‌ಎಎಲ್ ಬಂತು. 1948ರಲ್ಲಿ ಕೆ.ಆರ್. ಪುರದ ಪಕ್ಕ ಟೆಲಿಫೋನ್ ಕಾರ್ಖಾನೆ ಐಟಿಐ ಬಂತು, ಆ ಊರಿಗೇ ದೂರವಾಣಿ ನಗರ ಎಂದು ಹೆಸರಾಯಿತು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಇತ್ತು. ಇಂಥ ದೊಡ್ಡ ಕಾರ್ಖಾನೆಗೆ ಸೇರಿದ ಹುಡುಗ ಮೊದಲು ಅಪ್ರೆಂಟಿಸ್ ಆಗಿ ಕಲಿಯುತ್ತಿದ್ದ, ಆಮೇಲೆ ಮೆಷಿನ್ನಿಗೆ ಕೈ ಹಚ್ಚುತ್ತಿದ್ದ. ಸಾವಿರ ಜನರಿಗಿಂತ ಹೆಚ್ಚು ದುಡಿಯುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಇರಲೇಬೇಕೆಂದು ಕಾನೂನೂ ಹೇಳುತ್ತಿತ್ತು. ಎನ್‌ಜಿಇಎಫ್ ಬಾಗಿಲು ಮುಚ್ಚಿತು, ಐಟಿಐ ಬಡವಾಯಿತು. ಕೆಲಸವೇನೂ ಮಾಯವಾಗಲಿಲ್ಲ, ಎಂಟು ಹತ್ತು ಜನರ ಶೆಡ್ಡುಗಳಿಗೆ ಹಂಚಿಹೋಯಿತು. ಅಲ್ಲಿ ಅಪ್ರೆಂಟಿಸೂ ಇಲ್ಲ, ಅಧಿಕಾರಿಯೂ ಇಲ್ಲ. ಸೋಮವಾರ ಸೇರಿದ ಹುಡುಗನನ್ನು ಮಂಗಳವಾರ ಮೆಷಿನ್ನಿಗೆ ನಿಲ್ಲಿಸುತ್ತಾರೆ.

ಡಾ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸುಗಳ ವರದಿ ಕೊಟ್ಟಿತು. ಅದನ್ನು ಜಾರಿ ಮಾಡಿ ಎಂದು ನಾವು ಬೀದಿಗಿಳಿಯುತ್ತಲೇ ಬಂದಿದ್ದೇವೆ. ಸರಿಯೇ. ಕನ್ನಡಿಗನಿಗೆ ಕೆಲಸ ಬೇಕು ಎಂದು ಕೂಗುವ ನಾವು, ಕೆಲಸ ಸಿಕ್ಕ ಕನ್ನಡಿಗನ ಕೈ ಏನಾಯಿತು ಎಂದು ಎಷ್ಟು ಸಲ ಕೇಳಿದ್ದೇವೆ? ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತದೆ ಗಾದೆ. ಕೈಯೇ ಹೋದರೆ?

ಕಾನೂನಿನ ತಲೆ ಎಣಿಕೆ

ಮೊದಲು ಕಾನೂನು ನೋಡೋಣ. ತಿರುಗುವ ಯಂತ್ರಕ್ಕೆ ಬೇಲಿ ಹಾಕಬೇಕು ಎಂದು ಇಂಗ್ಲೆಂಡಿನಲ್ಲಿ 1844ರಲ್ಲೇ ಕಾಯ್ದೆಯಾಯಿತು. ನಮ್ಮಲ್ಲಿ 1881ರಲ್ಲಿ ಮೊದಲ ಕಾರ್ಖಾನೆ ಕಾಯ್ದೆ ಬಂತು, ಅದು 100 ಜನರಿರುವ ಕಾರ್ಖಾನೆಗೆ ಮಾತ್ರ. 1891ರಲ್ಲಿ 50ಕ್ಕೆ ಇಳಿಯಿತು, 1922ರಲ್ಲಿ 20ಕ್ಕೆ. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆಯಲ್ಲಿ, ಕರೆಂಟು ಬಳಸುವ ಕಡೆ 10 ಜನ ಇದ್ದರೆ ಸಾಕು ಎಂದಾಯಿತು. ಆಮೇಲೆ ಬಂದದ್ದು 2020ರ ವೃತ್ತಿ ಸುರಕ್ಷತಾ ಸಂಹಿತೆ. ಅದು 2025ರ ನವೆಂಬರ್ 21ರಿಂದ ಜಾರಿಯಾಯಿತು. ಅದರಲ್ಲಿ 'ಕಾರ್ಖಾನೆ' ಎನಿಸಿಕೊಳ್ಳಲು ಮತ್ತೆ 20 ಜನ ಬೇಕು. ಹತ್ತು ಜನರಿರುವ ಸಂಸ್ಥೆಗೂ ಕೆಲವು ಸಾಮಾನ್ಯ ಹೊಣೆ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಗಲ್ಲಿಯ ಏಳೆಂಟು ಜನರ ಪ್ರೆಸ್ಸು, ಆರು ಜನರ ಗ್ಯಾರೇಜು ಎರಡಕ್ಕೂ ಹೊರಗೆ. ಬ್ಲೇಡಿಗೆ ತಲೆ ಎಣಿಸಲು ಬರುವುದಿಲ್ಲ ಸ್ವಾಮಿ. ಇಪ್ಪತ್ತು ಜನರಿರುವ ಕಡೆ ಕತ್ತರಿಸುವ ಹಾಗೆಯೇ ಇಬ್ಬರಿರುವ ಕಡೆಯೂ ಕತ್ತರಿಸುತ್ತದೆ.

ಆದ್ದರಿಂದ ಇನ್‌ಸ್ಪೆಕ್ಟರು ಬಂದು ಕಾಪಾಡುತ್ತಾರೆ ಎಂದು ಕಾಯಬೇಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆಯಾಗುತ್ತದೆ. ಮೆಷಿನ್ನು ಕೈಯನ್ನು ಹೇಗೆ ತಿನ್ನುತ್ತದೆ ಎಂದು ನೀವೇ ತಿಳಿದುಕೊಳ್ಳಬೇಕು. ನನಗೆ ಗೊತ್ತಿರುವುದು ಪ್ರೆಸ್ಸು. ಅದನ್ನೇ ಹೇಳುತ್ತೇನೆ, ನಿಮ್ಮ ಮೆಷಿನ್ನಿಗೆ ನೀವು ಹೊಂದಿಸಿಕೊಳ್ಳಿ.

ಮೆಷಿನ್ನಿನ ನಾಲ್ಕು ಬಾಯಿ

ಮೊದಲನೆಯದು ಎಳೆಯುವ ಬಾಯಿ. ಆಫ್‌ಸೆಟ್ ಮೆಷಿನ್ನಿನ ರೋಲರುಗಳು ಒಂದಕ್ಕೊಂದು ಎದುರಾಗಿ ತಿರುಗುತ್ತವೆ. ಎರಡೂ ಸೇರುವ ಕಡೆ ಕಾಗದ ಹೋದರೆ ಕಾಗದವನ್ನು ಎಳೆಯುತ್ತವೆ, ಬಟ್ಟೆ ಹೋದರೆ ಬಟ್ಟೆಯನ್ನು, ಬೆರಳು ಹೋದರೆ ಬೆರಳನ್ನು. ಕಬ್ಬಿನ ಗಾಣವೂ ಇದೇ, ಹಿಟ್ಟಿನ ಮೆಷಿನ್ನಿನ ಬೆಲ್ಟೂ ಇದೇ. 'ನಾನು ಚುರುಕಾಗಿದ್ದೇನೆ, ಕೈ ಎಳೆದುಕೊಳ್ಳುತ್ತೇನೆ' ಅನ್ನುವವರಿಗೆ ಒಂದು ಲೆಕ್ಕ. ಮಿನಿ ಆಫ್‌ಸೆಟ್ ಗಂಟೆಗೆ 6,000 ಹಾಳೆ ಓಡುತ್ತಿದೆ, ಸುತ್ತಿಗೊಂದು ಹಾಳೆ, ಸಿಲಿಂಡರಿನ ಸುತ್ತಳತೆ ಅರ್ಧ ಮೀಟರು ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 83 ಸೆಂಟಿಮೀಟರು ವೇಗ. ಮನುಷ್ಯನಿಗೆ ಅಪಾಯ ಗೊತ್ತಾಗಿ ಕೈ ಅಲುಗಲು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಸಿಲಿಂಡರು 20 ಸೆಂಟಿಮೀಟರು ತಿರುಗಿರುತ್ತದೆ. ನಿಮ್ಮ ನಡುಬೆರಳಿನ ತುದಿಯಿಂದ ಅಳೆದು ನೋಡಿ, 20 ಸೆಂಟಿಮೀಟರು ಎಂದರೆ ಮಣಿಕಟ್ಟು ದಾಟುತ್ತದೆ. ಚುರುಕುತನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದಕ್ಕೆ ಮದ್ದು ಏನು? ಓಡುವ ಮೆಷಿನ್ನಿನಲ್ಲಿ ಬ್ಲಾಂಕೆಟ್ ಒರೆಸಬಾರದು. ನಿಲ್ಲಿಸಿ, ಇಂಚು ಬಟನ್ನಿನಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿ, ಪೂರ್ತಿ ನಿಂತಾಗ ಮಾತ್ರ ಒರೆಸಬೇಕು. ಬಟನ್ನು ಒತ್ತುವವನೂ ಒರೆಸುವವನೂ ಒಬ್ಬನೇ ಆಗಿರಬೇಕು. ಇಬ್ಬರಾದರೆ 'ಹೂಂ ಅಂದೆ ಅಂತ ಒತ್ತಿದೆ' ಎಂಬ ಮಾತು ಬರುತ್ತದೆ. ರೋಲರು ಒಳಗೆಳೆಯುವ ಕಡೆ ಅಲ್ಲ, ಹೊರಗೆ ಬಿಡುವ ಕಡೆಯಿಂದ ಒರೆಸಿ. ಬಟ್ಟೆಯನ್ನು ಮಡಿಸಿ ಹಿಡಿಯಿರಿ, ಬೆರಳಿಗೆ ಸುತ್ತಬೇಡಿ. ಸುತ್ತಿದ ಬಟ್ಟೆ ಹೋದರೆ ಬೆರಳನ್ನು ಬಿಟ್ಟು ಹೋಗುವುದಿಲ್ಲ. ತಿರುಗುವ ಮೆಷಿನ್ನಿನ ಹತ್ತಿರ ಕೈಗವಸು ಹಾಕಿದರೆ ಒಳ್ಳೆಯದು ಎಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು. ಗವಸು ಮೊದಲು ಸಿಕ್ಕಿಕೊಳ್ಳುತ್ತದೆ, ಹಿಂದೆಯೇ ಕೈ ಹೋಗುತ್ತದೆ. ಹಾಗೆಯೇ ಮಣಿಕಟ್ಟಿನ ದಾರ, ಕಡಗ, ಉಂಗುರ, ಕೊರಳಿನ ಗುರುತಿನ ಚೀಟಿಯ ಪಟ್ಟಿ, ದುಪಟ್ಟಾ, ಬಿಟ್ಟ ಜಡೆ. ದೇವರ ದಾರ ಬಿಚ್ಚಲು ಮನಸ್ಸಿಲ್ಲವೆಂದರೆ ಅಂಗಿಯ ತೋಳಿನೊಳಗೆ ಮೇಲಕ್ಕೆ ಕಟ್ಟಿಕೊಳ್ಳಿ. ದೇವರು ಬೇಡವೆನ್ನುವುದಿಲ್ಲ.

ಎರಡನೆಯದು ಮುಚ್ಚುವ ಬಾಯಿ. ಹಳೆಯ ಟ್ರೆಡಲ್ ನೋಡಿದವರಿಗೆ ಗೊತ್ತು, ದವಡೆಯ ಹಾಗೆ ತೆರೆದು ಮುಚ್ಚುತ್ತಿತ್ತು. ಟ್ರೆಡಲ್ ಮೂಲೆ ಸೇರಿದರೂ ಅದರ ತಮ್ಮ ಡೈ ಪಂಚಿಂಗ್ ಮೆಷಿನ್ನು ಮದುವೆ ಕಾಗದ, ರಟ್ಟಿನ ಡಬ್ಬ ಮಾಡುವ ಕಡೆಯೆಲ್ಲ ಇದೆ. ಹಾಳೆ ಓರೆಯಾಗಿ ಕುಳಿತಿತು ಎಂದು ಸರಿಪಡಿಸಲು ಕೈ ಹಾಕುತ್ತಾರೆ, ಅಷ್ಟರಲ್ಲಿ ದವಡೆ ಮುಚ್ಚುತ್ತದೆ. ಓರೆಯಾದ ಹಾಳೆ ಹಾಳಾಗಲಿ ಬಿಡಿ. ಒತ್ತು ತಪ್ಪಿಸುವ ಲಿವರು ಇದೆ, ಅದನ್ನು ಎಳೆಯಿರಿ. ಒಂದು ಹಾಳೆಗೆ ಎಷ್ಟು ಬೆಲೆ? ತಗಡು ಒತ್ತುವ ಪವರ್ ಪ್ರೆಸ್ಸಿನಲ್ಲೂ ಇದೇ ಪಾಡು. ಸೇಫ್ ಇನ್ ಇಂಡಿಯಾ ಫೌಂಡೇಶನ್ ಎಂಬ ಸಂಸ್ಥೆ ಗುರುಗ್ರಾಮ, ಫರೀದಾಬಾದ್ ಕಡೆಯ ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಗಾಯಗೊಂಡವರನ್ನು ಮಾತಾಡಿಸಿ 2019ರಿಂದ 'ಕ್ರಷ್ಡ್' ಎಂಬ ವರದಿಗಳನ್ನು ತರುತ್ತಿದೆ. ಅಲ್ಲಿ ಕಾರ್ಮಿಕರ ಬೆರಳು ತೆಗೆಯುವುದರಲ್ಲಿ ಪವರ್ ಪ್ರೆಸ್ಸಿನದೇ ಮೊದಲ ಸ್ಥಾನ. ಹೆಚ್ಚಿನವರು ಊರು ಬಿಟ್ಟು ಬಂದ ಹುಡುಗರು.

ಮೂರನೆಯದು ಕತ್ತರಿಸುವ ಬಾಯಿ, ಪೇಪರ್ ಕಟಿಂಗ್ ಮೆಷಿನ್ನು. ಒಳ್ಳೆಯ ಮೆಷಿನ್ನಿಗೆ ಎರಡು ಬಟನ್ನು ಇರುತ್ತವೆ. ಎರಡು ಕೈಯಿಂದ, ಅರ್ಧ ಸೆಕೆಂಡಿನ ಅಂತರದೊಳಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಉದ್ದೇಶ ಸುಲಭ, ಎರಡೂ ಕೈ ಬಟನ್ನಿನ ಮೇಲಿದ್ದರೆ ಬ್ಲೇಡಿನ ಕೆಳಗೆ ಕೈ ಇರಲಾರದು. ನಮ್ಮ ಜನ ಏನು ಮಾಡುತ್ತಾರೆ? ಒಂದು ಬಟನ್ನಿಗೆ ಟೇಪು ಸುತ್ತುತ್ತಾರೆ, ಇಲ್ಲವೇ ಬೆಣೆ ಹೊಡೆಯುತ್ತಾರೆ. ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಕಾಗದ ತಟ್ಟುತ್ತಾರೆ. ಇನ್ನು ಕೆಲವು ಮೆಷಿನ್ನಿನಲ್ಲಿ ಬೆಳಕಿನ ಪರದೆ ಇರುತ್ತದೆ, ಕೈ ಅಡ್ಡ ಬಂದರೆ ಬ್ಲೇಡು ನಿಲ್ಲುತ್ತದೆ. ಆ ಪರದೆ ಎಷ್ಟು ದೂರ ಇರಬೇಕು ಎಂಬುದಕ್ಕೂ ಅಂತರರಾಷ್ಟ್ರೀಯ ಲೆಕ್ಕವಿದೆ. ಕೈ ಸೆಕೆಂಡಿಗೆ 1.6 ಮೀಟರು ನುಗ್ಗುತ್ತದೆ ಎಂದು ಹಿಡಿಯುತ್ತಾರೆ, ಹತ್ತಿರದ ಪರದೆಗೆ 2 ಮೀಟರು. ಬ್ಲೇಡು ನಿಲ್ಲಲು ಕಾಲು ಸೆಕೆಂಡು ಬೇಕಾದರೆ 1.6ರ ಲೆಕ್ಕದಲ್ಲೇ ಕನಿಷ್ಠ 40 ಸೆಂಟಿಮೀಟರು ದೂರ ಬೇಕು. ಹಳೆಯ ಮೆಷಿನ್ನಿಗೆ ಎಲ್ಲಿಂದಲೋ ಸೆನ್ಸರು ತಂದು ಬ್ಲೇಡಿನ ಪಕ್ಕದಲ್ಲೇ ಅಂಟಿಸಿದರೆ ಅದು ಅಲಂಕಾರ ಅಷ್ಟೇ.

ಬ್ಲೇಡು ಬದಲಿಸುವಾಗ ಇನ್ನೂ ಎಚ್ಚರ. ಆಗ ಮೆಷಿನ್ನು ನಿಂತಿರುತ್ತದೆ, ಭಯ ಹೋಗಿರುತ್ತದೆ. ಸಾಣೆ ಹಿಡಿದ ಬ್ಲೇಡನ್ನು ಬರಿಗೈಲಿ ಹೊತ್ತು ಬಜಾರಿಗೆ ಹೋಗುವವರನ್ನು ನೋಡಿದ್ದೇನೆ. ಅದಕ್ಕೆ ಹಿಡಿ ಇರಬೇಕು, ಮರದ ಪೆಟ್ಟಿಗೆ ಇರಬೇಕು, ಹೊರುವಾಗ ಎದುರಿಗೆ ಯಾರೂ ಬರಬಾರದು.

ನಾಲ್ಕನೆಯದು ಕಣ್ಣಿಗೆ ಕಾಣದ ಬಾಯಿ, ಕರೆಂಟು. ಬೆಂಗಳೂರಿನಲ್ಲಿ ಕರೆಂಟು ಹೋಗುವುದು ಬರುವುದು ನಿಮಗೆ ಹೊಸದಲ್ಲ. ಮೆಷಿನ್ನು ಓಡುತ್ತಿರುವಾಗ ಕರೆಂಟು ಹೋಯಿತು. ಸ್ವಿಚ್ಚು ಆನ್ ಆಗಿಯೇ ಇದೆ. ಹುಡುಗ 'ಸರಿ, ನಿಂತಿದೆಯಲ್ಲ' ಎಂದು ಸಿಕ್ಕಿದ ಕಾಗದ ತೆಗೆಯಲು ಕೈ ಹಾಕಿದ. ಕರೆಂಟು ಬಂತು. ಇದಕ್ಕೆ ಮದ್ದು ಎಷ್ಟೋ ದಶಕಗಳಿಂದ ಮಾರ್ಕೆಟ್ಟಿನಲ್ಲಿದೆ. ಹಸಿರು, ಕೆಂಪು ಬಟನ್ನಿನ ಸ್ಟಾರ್ಟರು. ಅದರೊಳಗಿನ ಕಾಯಿಲ್ಲು ಕರೆಂಟು ಹೋದ ಕೂಡಲೇ ಕೈ ಬಿಡುತ್ತದೆ, ಕರೆಂಟು ಮರಳಿದರೂ ಯಾರಾದರೂ ಹಸಿರು ಒತ್ತುವವರೆಗೆ ಮೆಷಿನ್ನು ಏಳುವುದಿಲ್ಲ. ಮೋಟಾರನ್ನು ನೇರವಾಗಿ ಸಾದಾ ಸ್ವಿಚ್ಚಿಗೆ ಕೊಟ್ಟ ಮೆಷಿನ್ನು ಎಲ್ಲೇ ಕಂಡರೂ ಮೊದಲು ಅದನ್ನು ಬದಲಿಸಿ ಎಂದು ಹೇಳಿ.

ರಿಪೇರಿಗೆ ಕೈ ಹಾಕುವಾಗ ಇನ್ನೊಂದು ಮಾತು. ದೊಡ್ಡ ಕಾರ್ಖಾನೆಗಳಲ್ಲಿ ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈ ರಿಪೇರಿಯವನ ಜೇಬಿನಲ್ಲಿ ಇಟ್ಟುಕೊಳ್ಳುವ ನಿಯಮವಿದೆ. ನಮಗೆ ಅಷ್ಟು ದೊಡ್ಡಸ್ತಿಕೆ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಮೇನ್ ಆಫ್ ಮಾಡಿ, ಫ್ಯೂಸಿನ ಪಿಂಗಾಣಿ ಹಿಡಿ ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಎಂಸಿಬಿ ಇದ್ದರೆ ಅದಕ್ಕೆ ಬೀಗ ಹಾಕುವ ಚಿಕ್ಕ ಕ್ಲಿಪ್ಪು ಸಿಗುತ್ತದೆ. ಮೇಲೊಂದು ಚೀಟಿ ತೂಗುಹಾಕಿ, 'ಒಳಗೆ ಕೈ ಇದೆ, ಹಾಕಬೇಡ' ಎಂದು. ಆಮೇಲೆ ಒಂದು ಸಲ ಹಸಿರು ಬಟನ್ನು ಒತ್ತಿ ನೋಡಿ, ಮೆಷಿನ್ನು ಏಳಲಿಲ್ಲವೆಂದರೆ ಮಾತ್ರ ಕೈ ಒಳಗೆ.

ಬೋರ್ಡಿನ ಮೇಲೆ ಕನ್ನಡ, ಬ್ಲೇಡಿನ ಮೇಲೆ?

ಈಗ ನಮ್ಮ ವಿಷಯಕ್ಕೆ ಬಂದೆ. ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಅದಕ್ಕಾಗಿ ಬೀದಿಯಲ್ಲಿ ನಿಂತವರು ನೀವು. ಆ ಬೋರ್ಡಿನ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಿ ನೋಡಿ. ಮೆಷಿನ್ನಿನ ಮೇಲೆ ಜರ್ಮನ್ ಇದೆ, ಇಂಗ್ಲಿಷ್ ಇದೆ, ಚೀನೀ ಇದೆ. ಕನ್ನಡ ಶೇಕಡ ಎಷ್ಟು? ಸೊನ್ನೆ. ಬೋರ್ಡಿನಲ್ಲಿ ಇಂಗ್ಲಿಷ್ ಇದ್ದರೆ ನಮ್ಮ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ. ಬ್ಲೇಡಿನ ಮೇಲೆ ಇಂಗ್ಲಿಷ್ ಮಾತ್ರ ಇದ್ದರೆ ಹುಡುಗನ ಕೈಗೆ ಪೆಟ್ಟು ಬೀಳುತ್ತದೆ. ಯಾವುದಕ್ಕೆ ಮೊದಲು ಹೋರಾಡಬೇಕು, ನೀವೇ ಹೇಳಿ.

ಇದು ನನ್ನ ಹೊಸ ಬೇಡಿಕೆಯಲ್ಲ. 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮಿನಲ್ಲೇ ಬರೆದಿತ್ತು. ಕಾಯ್ದೆ ಪ್ರಕಾರ ಹಾಕುವ ಸೂಚನೆಗಳು ಇಂಗ್ಲಿಷಿನಲ್ಲೂ, ಅಲ್ಲಿನ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಎಂದು. ಬೆಂಗಳೂರಿನಲ್ಲಿ ಎಷ್ಟು ಶೆಡ್ಡಿನಲ್ಲಿ ಅದು ಗೋಡೆಗೆ ಬಂದಿತು?

ಆದರೆ ಎಂಥ ಕನ್ನಡ? ಇದನ್ನು ಅಕ್ಷರ ಜೋಡಿಸುವವನಾಗಿ ಹೇಳುತ್ತೇನೆ. 'ಚಾಲನೆಯಲ್ಲಿರುವ ಯಂತ್ರಾಂಗಗಳಿಂದ ಸುರಕ್ಷಿತ ಅಂತರವನ್ನು ಕಾಯ್ದುಕೊಳ್ಳತಕ್ಕದ್ದು' ಎಂದು ಬರೆದರೆ ಸರ್ಕಾರದ ಕಡತಕ್ಕೆ ಚೆನ್ನ. ರಾತ್ರಿ ಪಾಳಿಯ ಹುಡುಗ ಅದನ್ನು ಓದಿ ಮುಗಿಸುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ನಾವು ನಮ್ಮ ಪ್ರೆಸ್ಸಿನಲ್ಲಿ ಅಂಟಿಸಿರುವುದು ಹೀಗೆ:

ನಿಲ್ಲಿಸು, ಆಮೇಲೆ ಕೈ ಹಾಕು.
ಇಲ್ಲಿ ಎಳೆಯುತ್ತದೆ.
ಇಲ್ಲಿ ಮುಚ್ಚುತ್ತದೆ.
ಬ್ಲೇಡು ಇದೆ, ಎರಡೂ ಕೈ ಬಟನ್ನಿನ ಮೇಲೆ.
ಬಾಗಿಲು ತೆಗೆದರೆ ಮೆಷಿನ್ನು ಹಾಕಬೇಡ.
ದಾರ, ಉಂಗುರ, ಕಡಗ ಬಿಚ್ಚಿಡು.
ಕೆಂಪು ಬಟನ್ನು ಎಲ್ಲರಿಗೂ ಸೇರಿದ್ದು.

ಕೊನೆಯ ಸಾಲಿಗೆ ಅರ್ಥವಿದೆ. ಮೆಷಿನ್ನು ನಿಲ್ಲಿಸಲು ಯಾರ ಅಪ್ಪಣೆಯೂ ಬೇಡ. ಟೀ ತಂದ ಹುಡುಗನೂ ಒತ್ತಬಹುದು. ಸುಮ್ಮನೆ ಒತ್ತಿದನೆಂದು ಯಾರೂ ಬೈಯಕೂಡದು. ಒಮ್ಮೆ ಬೈದರೆ, ನಿಜವಾಗಿ ಬೇಕಾದ ದಿನ ಅವನ ಕೈ ಹಿಂಜರಿಯುತ್ತದೆ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸದಿರಬಹುದು. ಶಿವಾಜಿನಗರದ ಗ್ಯಾರೇಜಿನಲ್ಲಿ ಉರ್ದು ಮಾತಾಡುವ ಹುಡುಗನಿದ್ದಾನೆ, ಹಲಸೂರಿನಲ್ಲಿ ತಮಿಳು, ಕೆ.ಆರ್. ಪುರದ ಶೆಡ್ಡಿನಲ್ಲಿ ಒಡಿಯಾ, ಬಂಗಾಳಿ, ಹಿಂದಿ. ಮೇಲೆ ಕನ್ನಡ ದೊಡ್ಡದಾಗಿರಲಿ, ಕೆಳಗೆ ಅವನು ಓದುವ ಭಾಷೆಯೂ ಇರಲಿ. ಪಕ್ಕದಲ್ಲಿ ಒಂದು ಚಿತ್ರವೂ ಇರಲಿ, ಓದು ಬಾರದವನಿಗೆ. ಅವನ ಕೈ ಸಿಕ್ಕಿದರೆ ಬಿಡಿಸಬೇಕಾದವನು ಪಕ್ಕದಲ್ಲಿ ನಿಂತ ಕನ್ನಡದ ಹುಡುಗನೇ. ಆ ಗಳಿಗೆಯಲ್ಲಿ 'ನಿಲ್ಲಿಸು' ಎಂಬ ಒಂದು ಕನ್ನಡ ಪದ ಅವನಿಗೂ ಗೊತ್ತಿರಬೇಕು. ಸೇರಿದ ಮೊದಲ ದಿನವೇ ಕಲಿಸಿ. ನಾವು ಕನ್ನಡ ಕಲಿಸುವ ಶಿಬಿರ ಮಾಡುತ್ತೇವಲ್ಲ, 'ಊಟ ಆಯ್ತಾ' ಪಾಠಕ್ಕಿಂತ ಮೊದಲು ಈ ಪಾಠ ಬರಲಿ.

ಬೆರಳಿಗೆ ಬೆಲೆ ಕಟ್ಟಿದ ಪಟ್ಟಿ

ಸರ್ಕಾರ ಬೆರಳಿಗೆ ಬೆಲೆ ಕಟ್ಟಿದೆ ಎಂದು ನಿಮಗೆ ಗೊತ್ತೇ? 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿ ನೋಡಿ. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ. 14. ನಡುಬೆರಳು 12. ಉಂಗುರದ ಬೆರಳೋ ಕಿರುಬೆರಳೋ ಆದರೆ 7. ಒಂದೇ ಕೈಯ ನಾಲ್ಕು ಬೆರಳು 50. ಆ ಪರಿಹಾರದ ವ್ಯವಸ್ಥೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಹಳೆಯ ಕಾಯ್ದೆಯ ಲೆಕ್ಕವನ್ನೇ ಬಿಡಿಸೋಣ. 25 ವರ್ಷದ ಹುಡುಗ, ತಿಂಗಳಿಗೆ 15,000 ಸಂಬಳ. ಅದರ ಶೇ. 60 ಎಂದರೆ 9,000. ಅವನ ವಯಸ್ಸಿಗೆ ಕಾಯ್ದೆ ಕೊಟ್ಟ ಗುಣಕ 216.91. ಗುಣಿಸಿದರೆ 19,52,190. ತೋರುಬೆರಳಿಗೆ ಅದರ ಶೇ. 14, ಅಂದರೆ ಸುಮಾರು 2,73,000 ರೂಪಾಯಿ. ಇನ್ನು ನಲವತ್ತು ವರ್ಷ ದುಡಿಯಬೇಕಾದವನಿಗೆ ಒಂದು ಸಲ ಕೊಡುವ ದುಡ್ಡು ಅಷ್ಟು. ಅದೂ ಕೇಳಿದರೆ ಮಾತ್ರ. ಹೆಚ್ಚಿನ ಕಡೆ ನಡೆಯುವುದೇನು? ಆಸ್ಪತ್ರೆ ಬಿಲ್ಲು ಕಟ್ಟಿ, ಕೈಗೆ ಹತ್ತೋ ಇಪ್ಪತ್ತೋ ಸಾವಿರ ಇಟ್ಟು, ಬಿಳಿ ಹಾಳೆಗೆ ಸಹಿ ಹಾಕಿಸಿ ಊರಿಗೆ ಕಳಿಸುತ್ತಾರೆ. ಆ ಬಿಳಿ ಹಾಳೆಗೆ ಸಹಿ ಹಾಕಬೇಡಿ.

ನೆನಪಿಡಬೇಕಾದ ಕೆಲವು ಅಂಶ ಹೇಳುತ್ತೇನೆ. ಹತ್ತು ಜನರಿರುವ ಕಡೆ ಇಎಸ್‌ಐ ಬರುತ್ತದೆ. 2017ರಲ್ಲಿ ಅದರ ಸಂಬಳ ಮಿತಿಯನ್ನು 21,000 ರೂಪಾಯಿಗೆ ಏರಿಸಿದರು. ಇಎಸ್‌ಐ ಇದ್ದರೆ ಪರಿಹಾರ ಅಲ್ಲಿಂದ, ಗಾಯವಾಗಿ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇ. 90. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ಇದು ಸಿಗುತ್ತದೆ. ನಮ್ಮ ಇಂದಿರಾನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಇಎಸ್‌ಐ ಇಲ್ಲದ ಚಿಕ್ಕ ಶೆಡ್ಡಾದರೆ ಪರಿಹಾರ ಕೊಡಬೇಕಾದವನು ಮಾಲೀಕ. 1923ರ ಕಾಯ್ದೆಯಲ್ಲಿ ಕರೆಂಟಿನಿಂದ ನಡೆಯುವ ತಯಾರಿಕೆಯ ಕಡೆಗೆ ತಲೆ ಎಣಿಕೆ ಇರಲಿಲ್ಲ. ಕ್ಲೇಮು ಹಾಕಲು ಅದು ಕೊಟ್ಟ ಗಡುವು ಎರಡು ವರ್ಷ, ಆದ್ದರಿಂದ ತಡ ಮಾಡಬೇಡಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ವಿಚಾರಿಸಿ.

ಪಟ್ಟಿಯೇ ಕೊನೆಯ ಮಾತೂ ಅಲ್ಲ. ಒರಿಸ್ಸಾದ ಒಬ್ಬ ಬಡಗಿ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡಿದ್ದ. ಪಟ್ಟಿ ಪ್ರಕಾರ ಇಷ್ಟೇ ಎಂದು ಮಾಲೀಕ ವಾದಿಸಿದ. ಒಂದೇ ಕೈಯಲ್ಲಿ ಬಡಗಿತನ ಮಾಡಲಾಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದು ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿ ಹಿಡಿಯಿತು.

ಇನ್ನೊಂದು ಪಕ್ಕವೂ ಇದೆ, ಕೇಳಿಸಿಕೊಳ್ಳಿ. ಕಾರ್ಮಿಕ ಬೇಕೆಂದೇ ಗಾರ್ಡು ಕಿತ್ತು ಗಾಯ ಮಾಡಿಕೊಂಡರೆ, ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆಗದ ಹೊರತು ಪರಿಹಾರ ಇಲ್ಲ ಎಂದು ಅದೇ ಕಾಯ್ದೆ ಹೇಳಿತ್ತು. ಎಷ್ಟೋ ಕಡೆ ಗಾರ್ಡು ಕೀಳಿಸುವವನು ಮಾಲೀಕ, ಕೇಸು ಬಂದಾಗ 'ಹುಡುಗನೇ ಕಿತ್ತ' ಅನ್ನುವವನೂ ಅವನೇ. ಆದ್ದರಿಂದ ಗಾರ್ಡು ತೆಗೆ ಎಂದು ಯಾರಾದರೂ ಹೇಳಿದರೆ, 'ಬರೆದು ಕೊಡಿ ಅಣ್ಣ' ಎಂದು ಕೇಳಿ. ಯಾರೂ ಬರೆದು ಕೊಡುವುದಿಲ್ಲ, ಗಾರ್ಡು ಉಳಿಯುತ್ತದೆ.

ನಾನೂ ಮಾಲೀಕನೇ. ನನ್ನ ಜಾತಿಯವರಿಗೆ ಒಂದು ಮಾತು. ಗಾರ್ಡಿನಿಂದ ಕೆಲಸ ನಿಧಾನ ಆಗುತ್ತದೆ ಅನ್ನುತ್ತೀರಿ. ಸ್ವಲ್ಪ ಆಗುತ್ತದೆ, ನಿಜ. ಒಂದು ಅಪಘಾತವಾದರೆ ಮೆಷಿನ್ನು ಎಷ್ಟು ದಿನ ನಿಲ್ಲುತ್ತದೆ, ಉಳಿದ ಹುಡುಗರು ಅದೇ ಮೆಷಿನ್ನಿಗೆ ಎಷ್ಟು ದಿನ ಹೆದರುತ್ತಾರೆ, ಪೊಲೀಸು, ಕೋರ್ಟು ಎಷ್ಟು ವರ್ಷ, ಅದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಿರಿ.

ಆಗಬಾರದ್ದು ಆದರೆ

ಕೈ ಸಿಕ್ಕಿದರೆ ಮೊದಲು ಕೆಂಪು ಬಟನ್ನು, ಆಮೇಲೆ ಮೇನ್ ಸ್ವಿಚ್ಚು. ಗಾಬರಿಯಲ್ಲಿ ಮೆಷಿನ್ನನ್ನು ಹಿಂದಕ್ಕೆ ಓಡಿಸಬೇಡಿ, ಕೈಯನ್ನು ಜಗ್ಗಬೇಡಿ. ರೋಲರಿನ ಒತ್ತಡ ಸಡಿಲಿಸುವ ಬೋಲ್ಟು ಎಲ್ಲಿದೆ, ಅದಕ್ಕೆ ಯಾವ ಪಾನ ಎಂದು ಇವತ್ತೇ ತಿಳಿದುಕೊಂಡಿರಿ, ಪಾನವನ್ನು ಮೆಷಿನ್ನಿಗೇ ತೂಗುಹಾಕಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈಯನ್ನು ಎದೆಗಿಂತ ಮೇಲೆತ್ತಿ. ಅರಿಶಿನ, ಕಾಫಿ ಪುಡಿ, ಪ್ರೆಸ್ಸಿನ ಸೀಮೆಎಣ್ಣೆ ಏನೂ ಬೇಡ.

ಬೆರಳು ತುಂಡಾಗಿದ್ದರೆ ಹುಡುಕಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸು ಬೆರೆಸಿದ ನೀರಿನಲ್ಲಿಡಿ. ಬೆರಳನ್ನು ನೇರವಾಗಿ ಐಸಿನ ಮೇಲೆ ಇಡಬಾರದು, ಹೆಪ್ಪುಗಟ್ಟಿ ಸತ್ತುಹೋಗುತ್ತದೆ. 108ಕ್ಕೆ ಫೋನು ಮಾಡಿ. ತುಂಡಾದ ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಈಗ ಇದ್ದಾರೆಯೇ ಎಂದು ಕೇಳಿಕೊಂಡು ಹೋಗಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತ ಹೊತ್ತು ಕಳೆಯಬೇಡಿ. ರಕ್ತ ನಿಲ್ಲದಿದ್ದರೆ ಮಾತ್ರ ಬೌರಿಂಗೋ ಮತ್ತೊಂದೋ, ಹತ್ತಿರದ ಆಸ್ಪತ್ರೆಯೇ ಮೊದಲು. ಆ ಫೋನು ನಂಬರುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ನಮ್ಮ ಕರಪತ್ರದ ವಿಷಯ

ಕೊನೆಗೆ ನಿಮ್ಮನ್ನೇ ಒಂದು ಕೇಳಬೇಕು. ಅಕ್ಟೋಬರ್ 31ರ ಸಂಜೆ ಆರು ಗಂಟೆಗೆ ಬರುತ್ತೀರಿ. 'ಅಣ್ಣಾ, ನಾಳೆ ಬೆಳಿಗ್ಗೆ ಬಾವುಟ ಏರಿಸುವುದರೊಳಗೆ ಐದು ಸಾವಿರ ಕರಪತ್ರ ಬೇಕು, ಕನ್ನಡದ ಕೆಲಸ, ಇಲ್ಲ ಅನ್ನಬೇಡಿ.' ಕನ್ನಡದ ಕೆಲಸವೇ, ಒಪ್ಪಿದೆ. ಆದರೆ ಆ ಕರಪತ್ರ ಪ್ರಿಂಟಾಗಿ ಕಟಿಂಗಿಗೆ ಬರುವಾಗ ರಾತ್ರಿ ಎರಡು ಗಂಟೆ. ಕಟಿಂಗ್ ಹುಡುಗ ಬೆಳಿಗ್ಗೆ ಒಂಬತ್ತಕ್ಕೆ ಬಂದವನು. ಕಣ್ಣು ಕೂರುತ್ತಿರುತ್ತದೆ. ಬೆಣೆ ಹೊಡೆದ ಬಟನ್ನಿನ ಆಸೆ ಹುಟ್ಟುವುದೇ ಆ ಹೊತ್ತಿನಲ್ಲಿ. ಮದುವೆ ಸೀಸನ್ನು, ಚುನಾವಣೆ ಸೀಸನ್ನು ಎಲ್ಲ ಹೀಗೆಯೇ. ನಾವು ನಮ್ಮಲ್ಲಿ ರಾತ್ರಿ ಹತ್ತರ ಮೇಲೆ ಕಟಿಂಗ್ ಮೆಷಿನ್ನು ಹಾಕುವುದಿಲ್ಲ. ಅದರಿಂದ ಕೆಲವು ಆರ್ಡರು ಪಕ್ಕದ ಗಲ್ಲಿಗೆ ಹೋಗುತ್ತವೆ. ಆ ಪಕ್ಕದ ಗಲ್ಲಿಯಲ್ಲೂ ಒಬ್ಬ ಹುಡುಗನಿದ್ದಾನೆ ಎಂಬುದೇ ನನ್ನ ಚಿಂತೆ. ಆದ್ದರಿಂದ ನಿಮ್ಮ ಕರಪತ್ರದ ಮ್ಯಾಟರು ನಾಲ್ಕು ದಿನ ಮೊದಲು ತನ್ನಿ. ನವೆಂಬರ್ ಒಂದು ಯಾವ ತಾರೀಕಿಗೆ ಬರುತ್ತದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿದೆಯಲ್ಲ?

ಇಲ್ಲಿಂದ ಹೋದ ಮೇಲೆ ಮೂರು ಕೆಲಸ ಮಾಡಿ. ನಾಳೆ ಕೆಲಸಕ್ಕೆ ಹೋದ ಕೂಡಲೇ ಕೆಂಪು ಬಟನ್ನು ಒತ್ತಿ ನೋಡಿ, ಮೆಷಿನ್ನು ನಿಲ್ಲುತ್ತದೆಯೋ ಇಲ್ಲವೋ. ನಿಲ್ಲದಿದ್ದರೆ ರಿಪೇರಿ ಆಗುವವರೆಗೆ ಆ ಮೆಷಿನ್ನು ಮುಟ್ಟಬೇಡಿ. ಎರಡನೆಯದು, ಕಟ್ಟಿದ ಬಟನ್ನು, ಕಿತ್ತ ಗಾರ್ಡು, ನೇರ ಸ್ವಿಚ್ಚು ಎಲ್ಲೆಲ್ಲಿ ಇದೆ ಎಂದು ನಿಮ್ಮ ಬೀದಿಯಲ್ಲಿ ಪಟ್ಟಿ ಮಾಡಿ. ಜಗಳಕ್ಕೆ ಹೋಗಬೇಡಿ, ಮಾಲೀಕನ ಹತ್ತಿರ ಕುಳಿತು ಮಾತಾಡಿ. ನನ್ನನ್ನೂ ಕರೆಯಿರಿ, ಮಾಲೀಕನ ಮಾತು ಮಾಲೀಕ ಕೇಳುತ್ತಾನೆ. ಮೂರನೆಯದು, ಆಗಲೇ ಹೇಳಿದ ಏಳು ಸಾಲಿನ ಹಾಳೆಯನ್ನು ದಪ್ಪ ಅಕ್ಷರದಲ್ಲಿ ಪ್ರಿಂಟು ಮಾಡಿ ಬಾಗಿಲ ಬಳಿ ಇಟ್ಟಿದ್ದೇನೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಯಾವ ಶೆಡ್ಡಿಗೆ ಬೇಕಾದರೂ ಒಯ್ಯಿರಿ, ದುಡ್ಡು ಬೇಡ. ಅಂಟು ಮಾತ್ರ ನೀವೇ ತಂದುಕೊಳ್ಳಿ.

ಸಿರಿಗನ್ನಡಂ ಗೆಲ್ಗೆ.